ಕೀಲಿ ಯಾರ ಕೈಗೆ: ಮುಕ್ತ ತಂತ್ರಾಂಶದ ಉಸ್ತುವಾರಿ ಮತ್ತು ಹೊಣೆ



ನಮ್ಮ ಭಾಗದಲ್ಲಿ ದತ್ತಿ ಉಪನ್ಯಾಸ ಎಂದರೆ ಅಬಲೂರಿನ ಶಾಸನಗಳು, ಬಾಡದ ಕನಕದಾಸರು, ಶಿಶುನಾಳದ ಷರೀಫರು, ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು, ಇಂಥ ವಿಷಯಗಳ ಮೇಲೆ ನಡೆಯುವುದು ವಾಡಿಕೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕಿನವರು ಕೂಡಿರುವ ಈ ಸಭೆಯಲ್ಲಿ ನಾನು ತಂತ್ರಾಂಶದ ಮಾತು ಎತ್ತಿದ್ದೇನೆ. ವಿಷಯ ಬೇರೆ ಎಂದು ನನಗೆ ಅನ್ನಿಸುವುದಿಲ್ಲ. 1981ರಲ್ಲಿ ಗೋಕಾಕ್ ಸಮಿತಿ ವರದಿ ಕೊಟ್ಟಾಗ ಶಾಲೆಯಲ್ಲಿ ಕನ್ನಡಕ್ಕೆ ಯಾವ ಸ್ಥಾನ ಎಂಬ ಪ್ರಶ್ನೆ ನಾಡಿನ ಮುಂದೆ ಇತ್ತು. ಈಗ ಅದರ ಪಕ್ಕದಲ್ಲಿ ಇನ್ನೊಂದು ಬಂದು ನಿಂತಿದೆ. ಕನ್ನಡವನ್ನು ಬರೆಯುವ, ತೋರಿಸುವ, ಹುಡುಕುವ ಯಂತ್ರದೊಳಗಿನ ಕೆಲಸವನ್ನು ಯಾರು ನೋಡಿಕೊಳ್ಳುತ್ತಿದ್ದಾರೆ? ಯಾವ ಕಟ್ಟಳೆಯ ಪ್ರಕಾರ? ಅವರು ಕೈಬಿಟ್ಟ ದಿನ ಏನಾಗುತ್ತದೆ?

ಫಲಿತಾಂಶದ ದಿನ ನಮ್ಮ ಕಾಲೇಜುಗಳಲ್ಲೆಲ್ಲ ಒಂದು ಪದ ಅಚ್ಚಾಗುತ್ತದೆ: ರ‍್ಯಾಂಕ್. ಇದನ್ನು ಸರಿಯಾಗಿ ತೋರಿಸಬೇಕಾದರೆ ಯೂನಿಕೋಡ್ ಹೇಳುವ ಪ್ರಕಾರ ‘ರ’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಬರಬೇಕು, ಆಮೇಲೆ ಹಲಂತ, ಆಮೇಲೆ ‘ಯ’. ಆ ಕಾಣದ ಸಂಕೇತ ಬಿಟ್ಟುಹೋದರೆ ಅಕ್ಷರಕ್ಕೆ ಅರ್ಕಾವೊತ್ತು ಹತ್ತಿ ‘ರ್ಯಾಂಕ್’ ಎಂದು ಬೀಳುತ್ತದೆ. ಇನ್ನು ಕೆಲವು ಕೀಲಿಮಣೆಗಳು ಆ ಸಂಕೇತವನ್ನು ಹಲಂತಕ್ಕೆ ಮೊದಲು ಹಾಕುವ ಬದಲು ಹಲಂತ ಆದ ಮೇಲೆ ಹಾಕಿಕೊಂಡು ಬಂದವು. ಬರೆದದ್ದು ನೋಡಲು ಒಂದೇ ತರಹ ಇರಬಹುದು, ಆದರೆ ಯಂತ್ರದ ಲೆಕ್ಕದಲ್ಲಿ ಇವು ಬೇರೆ ಬೇರೆ ಪದಗಳು. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಈಗ ಒಂದು ಫಾಂಟಿನ ಉಸ್ತುವಾರಿ ನೋಡುವವರ ಜಾಗದಲ್ಲಿ ನಿಂತು ಯೋಚಿಸಿ. ಹಳೆಯ ರೂಢಿಯನ್ನೂ ಒಪ್ಪಿಕೊಂಡು ಎರಡಕ್ಕೂ ಒಂದೇ ರೂಪ ತೋರಿಸಬೇಕೇ? ಒಪ್ಪಿದರೆ ಹಳೆಯ ಬರಹಗಳೆಲ್ಲ ಓದಲು ಬರುತ್ತವೆ, ತಪ್ಪು ರೂಢಿಯೂ ಮುಂದುವರಿಯುತ್ತದೆ. ನಿರಾಕರಿಸಿದರೆ ನಿಯಮ ಉಳಿಯುತ್ತದೆ, ಸಾವಿರಾರು ಪುಟಗಳು ಕೆಟ್ಟು ಕಾಣುತ್ತವೆ. ಈ ತೀರ್ಮಾನ ಯಾರೋ ಒಬ್ಬರು, ಎಲ್ಲೋ ಒಂದು ಊರಿನಲ್ಲಿ, ರಾತ್ರಿ ಊಟ ಆದ ಮೇಲೆ ಸಿಕ್ಕ ಒಂದೆರಡು ಗಂಟೆಯಲ್ಲಿ ತೆಗೆದುಕೊಳ್ಳುತ್ತಾರೆ. ಅದರ ಫಲ ಬಂಕಾಪುರದ ಶಾಲೆಯ ನೋಟಿಸಿನಲ್ಲಿ ಕಾಣುತ್ತದೆ.

ಈ ಕೆಲಸದ ಪದರಗಳು ಹಲವು. ಕೆ.ಪಿ. ರಾವ್ ಅವರು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡವನ್ನೆಲ್ಲ ಬರೆಯುವ ವಿನ್ಯಾಸ ಮಾಡಿದರು. ಸಣ್ಣಪುಟ್ಟ ಬದಲಾವಣೆಯೊಂದಿಗೆ ಅದೇ ಸರ್ಕಾರ ಒಪ್ಪಿದ ಕೀಲಿಮಣೆಯಾಯಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೂ ಹೋಯಿತು. ಒತ್ತಕ್ಷರಗಳನ್ನು ಒಂದರ ಕೆಳಗೊಂದು ಜೋಡಿಸಿ ತೋರಿಸುವುದು ಹಾರ್ಫ್‌ಬಜ್ ಎಂಬ ತಂತ್ರಾಂಶ. ಇರಾನ್ ಮೂಲದ ಬೆಹ್ದಾದ್ ಎಸ್ಫಹ್ಬೋದ್ ಇದರ ಮುಖ್ಯ ಕರ್ತೃ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲದರೊಳಗೂ ಅದೇ ಇದೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ಮಾಡಿದವರು ಅರವಿಂದ ವಿ.ಕೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಒಂದು ಪರಿವರ್ತಕವನ್ನೂ ಅವರು ಸೋರ್ಸ್ ಕೋಡ್, ಅಂದರೆ ಒಳಗಿನ ಬರವಣಿಗೆ, ಸಮೇತ ಬಿಟ್ಟುಕೊಟ್ಟಿದ್ದಾರೆ. ಡಿಟಿಪಿ ಅಂಗಡಿಯವರು ಈ ಸಭೆಯಲ್ಲಿದ್ದರೆ ಅವರಿಗೆ ಇದರ ಬೆಲೆ ಗೊತ್ತು. ಹದಿನೈದು ವರ್ಷದ ಹಿಂದೆ ಟೈಪು ಮಾಡಿಟ್ಟ ಸ್ಮರಣ ಸಂಚಿಕೆಯನ್ನು ಇವತ್ತು ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದನ್ನು ಮತ್ತೆ ಕನ್ನಡ ಮಾಡುವುದು ಇಂಥ ಪರಿವರ್ತಕ.

ಉಚಿತಕ್ಕೂ ಮುಕ್ತಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದು ಮನೆಮನೆಗೆ ಕನ್ನಡ ಕೊಟ್ಟಿತು. ಅದರ ಉಪಕಾರ ದೊಡ್ಡದು. ಆದರೆ ಅದರ ಒಳಗಿನ ಬರವಣಿಗೆ ಅವರ ಬಳಿಯೇ ಇತ್ತು. ಮುಕ್ತ ತಂತ್ರಾಂಶದಲ್ಲಿ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಹಾಗಾದರೆ ಎಲ್ಲರೂ ತಿದ್ದಿದರೆ ಯಾರದು ಅಧಿಕೃತ? ಆಡಳಿತದ ಪ್ರಶ್ನೆ ಹುಟ್ಟುವುದು ಇಲ್ಲಿ. ಉಸ್ತುವಾರಿಯವರು, ಅಂದರೆ ಮೇಂಟೇನರುಗಳು, ಬಂದ ತಿದ್ದುಪಡಿಗಳಲ್ಲಿ ಯಾವುದು ಒಳಗೆ ಹೋಗಬೇಕು, ಯಾವುದು ಹೋಗಬಾರದು ಎಂದು ತೀರ್ಮಾನ ಮಾಡುವವರು. ಹೊಸ ಆವೃತ್ತಿಗೆ ತಮ್ಮ ಸಹಿ ಹಾಕುವವರು ಅವರೇ. ಹೊರಗಿನವರು ಇವರನ್ನು ಕೋಡ್ ಬರೆಯುವವರು ಎಂದು ತಿಳಿಯುತ್ತಾರೆ. ವಾಸ್ತವದಲ್ಲಿ ಬರೆಯುವುದಕ್ಕಿಂತ ಓದುವುದೇ ಅವರ ದಿನಚರಿ. ದೂರು ಓದಬೇಕು, ಅದು ನಿಜವೋ ಎಂದು ತಮ್ಮ ಯಂತ್ರದಲ್ಲಿ ಮಾಡಿ ನೋಡಬೇಕು, ಉತ್ಸಾಹದಿಂದ ಪ್ಯಾಚ್, ಅಂದರೆ ತಿದ್ದುಪಡಿ, ಕಳಿಸಿದ ಹುಡುಗನಿಗೆ ಇದು ಬೇಡ ಎಂದು ಮನಸ್ಸು ಮುರಿಯದ ಹಾಗೆ ಹೇಳಬೇಕು. ಬೇಡ ಎನ್ನುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ.

ಇಂಥ ಹೊಣೆ ನಮ್ಮ ನೆಲಕ್ಕೆ ಹೊಸದಲ್ಲ. ಹಾನಗಲ್ಲಿನ ಆನೆಕೆರೆ ನಿಮಗೆ ಗೊತ್ತು. ಕುಮುದ್ವತಿಗೆ ಅಡ್ಡ ಕಟ್ಟಿದ, ಜನಪದರ ಹಾಡಿನಲ್ಲಿ ನೆಲೆನಿಂತ ಮದಗ ಮಾಸೂರಿನ ಕೆರೆ ಹಿರೇಕೆರೂರಿನ ಸೀಮೆಯದು. ಕನ್ನಡ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೊಗಳಿಕೆ ಇರುವಷ್ಟೇ ಸಹಜವಾಗಿ ಕೆರೆ ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಯ ಲೆಕ್ಕವೂ ಇದೆ. ಕಟ್ಟುಕೊಡಗೆ, ಬಿತ್ತುವಟ್ಟ, ದಸವಂದ ಎಂಬ ಹೆಸರುಗಳಲ್ಲಿ ಆ ಏರ್ಪಾಡುಗಳು ದಾಖಲಾಗಿವೆ. ಹೂಳು ಹೊರುವ ಕೆರೆಬಂಡಿಗೆಂದೇ, ಬಂಡಿ ಎಳೆಯುವ ಕೋಣಗಳಿಗೆಂದೇ ಬಿಟ್ಟ ದತ್ತಿಗಳಿವೆ. ಹಳೇ ಮೈಸೂರು ಸೀಮೆಯಲ್ಲಿ ಯಾವ ಗದ್ದೆಗೆ ಯಾವಾಗ ನೀರು ಎಂದು ತೂಬು ಎತ್ತಿ ಇಳಿಸುವ ಅಧಿಕಾರ ನೀರಗಂಟಿಯದಾಗಿತ್ತು. ಅವನಿಗೆ ಸುಗ್ಗಿಯಲ್ಲಿ ಪ್ರತಿ ಹಿಡುವಳಿಯಿಂದ ಕಾಳಿನ ಪಾಲು ಸಲ್ಲುತ್ತಿತ್ತು. ನಮ್ಮ ಹಿರಿಯರು ಕೆರೆ ಕಟ್ಟುವುದನ್ನು ಒಂದು ಕೆಲಸವೆಂದೂ ಕೆರೆ ನೋಡಿಕೊಳ್ಳುವುದನ್ನು ಇನ್ನೊಂದು ಕೆಲಸವೆಂದೂ ತಿಳಿದಿದ್ದರು. ಎರಡನೆಯದಕ್ಕೆ ಪ್ರತ್ಯೇಕ ಜನ, ಪ್ರತ್ಯೇಕ ಆದಾಯ, ಪ್ರತ್ಯೇಕ ಕಟ್ಟಳೆ ಮಾಡಿದ್ದರು.

ಅಮೆರಿಕದ ಎಲಿನಾರ್ ಆಸ್ಟ್ರಮ್ ಜಗತ್ತಿನ ಬೇರೆ ಬೇರೆ ಕಡೆಯ ನೀರಾವರಿ, ಮೀನುಗಾರಿಕೆ, ಗೋಮಾಳದಂಥ ಸಾಮೂಹಿಕ ಆಸ್ತಿಗಳನ್ನು ಅಭ್ಯಾಸ ಮಾಡಿ 1990ರಲ್ಲಿ ಒಂದು ಪುಸ್ತಕ ಬರೆದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಸಾಮೂಹಿಕ ಆಸ್ತಿ ಹಾಳಾಗಿಯೇ ತೀರುತ್ತದೆ ಎಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಬಳಸುವವರೇ ನಿಯಮ ಮಾಡಿಕೊಂಡು, ಅವರೇ ನಿಗಾ ಇಟ್ಟ ಕಡೆ ಅದು ನೂರಾರು ವರ್ಷ ಉಳಿದದ್ದನ್ನು ತೋರಿಸಿದರು. ಕೆರೆಗೂ ತಂತ್ರಾಂಶಕ್ಕೂ ಒಂದು ಕಡೆ ಹೋಲಿಕೆ ತಪ್ಪುತ್ತದೆ, ಅದನ್ನೂ ಹೇಳಬೇಕು. ನೀರು ಬಳಸಿದಷ್ಟೂ ಕಡಿಮೆಯಾಗುತ್ತದೆ. ಫಾಂಟನ್ನು ಕೋಟಿ ಜನ ಬಳಸಿದರೂ ಅದು ಸವೆಯುವುದಿಲ್ಲ. ಸವೆಯುವುದು ಅದನ್ನು ನೋಡಿಕೊಳ್ಳುವ ಮನುಷ್ಯನ ಸಮಯ, ಗಮನ, ತಾಳ್ಮೆ. ಬಳಸುವವರು ಹೆಚ್ಚಿದಷ್ಟೂ ದೂರು ಹೆಚ್ಚು, ಬೇಡಿಕೆ ಹೆಚ್ಚು. ನೋಡುವ ಕಣ್ಣು ಅದೇ ಎರಡು.

ಆ ಸವೆತದಿಂದ ಏನಾಗಬಹುದು ಎಂಬುದಕ್ಕೆ 2024ರ ಮಾರ್ಚ್ ತಿಂಗಳ ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಕ್ಸ್‌ಝಡ್ ಎಂಬ ಒಂದು ಸಣ್ಣ ತಂತ್ರಾಂಶ ಇದೆ. ಕಡತಗಳನ್ನು ಕುಗ್ಗಿಸಿ ಇಡುವುದು ಅದರ ಕೆಲಸ. ಜಗತ್ತಿನ ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಅದು ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಫಿನ್ಲೆಂಡಿನ ಲಾಸೆ ಕೊಲಿನ್, ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನವರೊಬ್ಬರು ಪ್ಯಾಚ್ ಕಳಿಸಲು ಶುರುಮಾಡಿದರು. ಪ್ಯಾಚ್‌ಗಳು ಚೆನ್ನಾಗಿಯೇ ಇದ್ದವು. 2022ರಲ್ಲಿ ಎಂದೂ ಕಾಣದಿದ್ದ ಕೆಲವು ಹೆಸರುಗಳು ಬಂದು ಕೊಲಿನ್ ಅವರ ಮೇಲೆ ಒತ್ತಡ ಹಾಕಿದವು: ಕೆಲಸ ನಿಧಾನವಾಗುತ್ತಿದೆ, ನಿಮಗೆ ಆಸಕ್ತಿ ಹೋಗಿದೆ, ಇನ್ನೊಬ್ಬರಿಗೆ ಅಧಿಕಾರ ಕೊಡಿ. ತಮಗೆ ಬಹುಕಾಲದಿಂದ ಮಾನಸಿಕ ಅಸ್ವಸ್ಥತೆ ಇದೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಕೊಲಿನ್ ಬಹಿರಂಗವಾಗಿಯೇ ತಿಳಿಸಿದರು. ಒತ್ತಡ ಮಾತ್ರ ನಿಲ್ಲಲಿಲ್ಲ. ಕ್ರಮೇಣ ಜಿಯಾ ಟಾನ್ ಸಹ-ಉಸ್ತುವಾರಿಯಾದರು, ಬಿಡುಗಡೆಗೆ ಸಹಿ ಹಾಕುವ ಅಧಿಕಾರ ಪಡೆದರು. 2024ರ ಫೆಬ್ರವರಿಯಲ್ಲಿ ಬಂದ 5.6.0 ಆವೃತ್ತಿಯಲ್ಲಿ, ಮಾರ್ಚಿನ 5.6.1ರಲ್ಲಿ, ಪರೀಕ್ಷೆಗೆಂದು ಇಟ್ಟ ಕಡತಗಳ ಒಳಗೆ ಒಂದು ಕಳ್ಳಬಾಗಿಲು ಸೇರಿತ್ತು. ಅದು ಎಲ್ಲೆಡೆ ಹರಡಿದ್ದರೆ ಅಸಂಖ್ಯ ಸರ್ವರುಗಳಿಗೆ ಆ ಹೆಸರಿನ ಹಿಂದಿದ್ದವರು ಹೇಳದೆ ಕೇಳದೆ ಒಳಹೋಗಬಹುದಿತ್ತು.

ಆ ಕಳ್ಳಬಾಗಿಲನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್. ಪೋಸ್ಟ್‌ಗ್ರೆಸ್ ದತ್ತಾಂಶ ಕೋಶದ ಕೆಲಸ ಮಾಡುತ್ತಿದ್ದಾಗ ತಮ್ಮ ಯಂತ್ರಕ್ಕೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದು ಅವರ ಗಮನಕ್ಕೆ ಬಂತು. ಅರ್ಧ ಸೆಕೆಂಡು ತಾನೆ ಎಂದು ಅವರು ಬಿಡಲಿಲ್ಲ. ಬೆನ್ನುಹತ್ತಿ ಹೋಗಿ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಅಷ್ಟರಲ್ಲಿ ಆ ಆವೃತ್ತಿ ಡೆಬಿಯನ್, ಫೆಡೋರಾದಂಥ ವ್ಯವಸ್ಥೆಗಳ ಪರೀಕ್ಷಾ ಆವೃತ್ತಿಗಳನ್ನು ಮುಟ್ಟಿತ್ತು, ಸಾಮಾನ್ಯ ಬಳಕೆಯ ಆವೃತ್ತಿಗಳಿಗೆ ಇನ್ನೂ ಇಳಿದಿರಲಿಲ್ಲ.

ಈ ಘಟನೆಯನ್ನು ಹೇಳುವಾಗ ಬಹಳ ಜನ ಕೊಲಿನ್ ಎಚ್ಚರ ತಪ್ಪಿದರು ಎನ್ನುತ್ತಾರೆ. ಆ ಮಾತು ನನಗೆ ಅನ್ಯಾಯವಾಗಿ ಕಾಣುತ್ತದೆ. ದಣಿದ ಒಬ್ಬ ಮನುಷ್ಯ ಸಹಾಯಕ್ಕೆ ಬಂದವನನ್ನು ನಂಬಿದ. ನಂಬದೆ ಏನು ಮಾಡಬೇಕಿತ್ತು? ತಪ್ಪು ಇದ್ದದ್ದು ಏರ್ಪಾಡಿನಲ್ಲಿ. ಸಹಿ ಹಾಕುವ ಅಧಿಕಾರದ ಕೀಲಿಯನ್ನು ಯಾರಿಗೆ, ಎಷ್ಟು ದಿನ ನೋಡಿ, ಯಾರನ್ನು ಕೇಳಿ ಕೊಡಬೇಕು ಎಂಬ ನಿಯಮವೇ ಇರಲಿಲ್ಲ. ಕೇಳಬೇಕಾದ ಎರಡನೆಯ ಮನುಷ್ಯ ಇರಲಿಲ್ಲ. ಆ ಎರಡನೆಯವರನ್ನು ಒದಗಿಸಬೇಕಾಗಿದ್ದದ್ದು ಅದನ್ನು ಬಳಸಿ ಲಾಭ ಮಾಡಿಕೊಂಡ ಕಂಪನಿಗಳು, ಸರ್ಕಾರಗಳು. ಅದಕ್ಕೂ ಹತ್ತು ವರ್ಷ ಹಿಂದೆಯೇ ಒಂದು ಪಾಠ ಆಗಿತ್ತು. 2014ರ ಏಪ್ರಿಲಿನಲ್ಲಿ ಓಪನ್ಎಸ್ಎಸ್ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಸಿಕ್ಕಿತು. ಬ್ಯಾಂಕುಗಳ, ಅಂಗಡಿಗಳ ಗುಟ್ಟನ್ನು ಕಾಯುವ ತಂತ್ರಾಂಶ ಅದು. ಅದಕ್ಕೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು, ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಈಗ ಹೊಣೆಯ ಮಾತಿಗೆ ಬರುತ್ತೇನೆ. ಮುಕ್ತ ತಂತ್ರಾಂಶದ ಲೈಸೆನ್ಸುಗಳಲ್ಲಿ ಬಹುಮಟ್ಟಿಗೆ ಎಲ್ಲದರಲ್ಲೂ ಒಂದು ಕಲಮು ಇರುತ್ತದೆ: ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇವೆ, ಯಾವ ಖಾತರಿಯೂ ಇಲ್ಲ. ಕಾನೂನಿನ ಮಟ್ಟಿಗೆ ಇದು ಸರಿ. ದುಡ್ಡು ತೆಗೆದುಕೊಳ್ಳದೆ ಕೊಟ್ಟವರನ್ನು ಕೋರ್ಟಿಗೆ ಎಳೆಯುವ ಹಾಗಿದ್ದರೆ ಯಾರೂ ಏನೂ ಕೊಡುವುದಿಲ್ಲ. ಯುರೋಪಿನ ಒಕ್ಕೂಟ 2024ರಲ್ಲಿ ಸೈಬರ್ ಸುರಕ್ಷತೆಗೆ ಹೊಸ ಕಾನೂನು ಮಾಡಿದಾಗಲೂ ಮಾರಾಟ ಮಾಡುವವರ ಮೇಲೆ ಭಾರ ಹೊರಿಸಿತು, ಮುಕ್ತ ತಂತ್ರಾಂಶವನ್ನು ಪೋಷಿಸುವ ಸಂಸ್ಥೆಗಳಿಗೆ ಹಗುರವಾದ ಕರ್ತವ್ಯ ಇಟ್ಟಿತು. ಅದು ವಿವೇಕದ ಕ್ರಮ. ಆದರೆ ಕಾನೂನು ಬಿಟ್ಟ ಕಡೆ ಹೊಣೆ ಮುಗಿಯುವುದಿಲ್ಲ. ಉಸ್ತುವಾರಿಯವರಿಂದ ನಾನು ಹತ್ತು ಹಲವು ಕೇಳುವುದಿಲ್ಲ. ಎಲ್ಲ ದೂರಿಗೂ ಉತ್ತರ ಕೊಡಿ, ಕೇಳಿದ ಸೌಲಭ್ಯ ಮಾಡಿಕೊಡಿ ಎಂದು ಕೇಳುವ ಹಕ್ಕು ನಮಗಿಲ್ಲ. ಕೇಳಬಹುದಾದದ್ದು ನಿಜ ಹೇಳುವುದನ್ನು. ನಾನು ಇದನ್ನು ಈಗ ನೋಡಿಕೊಳ್ಳುತ್ತಿಲ್ಲ ಎಂದಾದರೆ ಮೊದಲ ಪುಟದಲ್ಲೇ ಹಾಗೆಂದು ಬರೆಯಬೇಕು. ಸುರಕ್ಷತೆಯ ದೋಷ ಸಿಕ್ಕಿದರೆ ಮುಚ್ಚಿಡಬಾರದು. ತಿದ್ದುವವರೆಗೆ ಗುಟ್ಟಾಗಿಟ್ಟು, ತಿದ್ದಿದ ಮೇಲೆ ಪೂರ್ತಿ ಹೇಳಬೇಕು. ಇನ್ನೊಬ್ಬರು ಬರೆದುಕೊಟ್ಟ ಸಾಲಿಗೆ ಅವರ ಹೆಸರು ಇರಬೇಕು. ಹತ್ತಾರು ಜನ ಒಂದು ಲೈಸೆನ್ಸನ್ನು ನಂಬಿ ಕೊಟ್ಟದ್ದನ್ನು ಅವರನ್ನು ಕೇಳದೆ ಬೇರೆ ಲೈಸೆನ್ಸಿಗೆ ಬದಲಾಯಿಸಬಾರದು. ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಬಿಟ್ಟುಕೊಡುವುದು ಹೇಗೆ ಎಂಬುದನ್ನು ಕೈಕಾಲು ಗಟ್ಟಿ ಇರುವಾಗಲೇ ಬರೆದಿಡಬೇಕು. ದಣಿದಾಗ, ಕಾಯಿಲೆ ಬಿದ್ದಾಗ ತೆಗೆದುಕೊಳ್ಳುವ ತೀರ್ಮಾನ ಅದಾಗಬಾರದು.

ಹೀಗೆ ಬರೆದಿಡದೆಯೂ ಪಾರಾದ ದೊಡ್ಡ ಉದಾಹರಣೆ ಪೈಥಾನ್. ನಮ್ಮ ಕಾಲೇಜುಗಳ ಬಿಸಿಎ ವಿದ್ಯಾರ್ಥಿಗಳು ಕಲಿಯುವ ಭಾಷೆ ಅದು. ಅದನ್ನು ಹುಟ್ಟಿಸಿದ ಗೀಡೊ ವಾನ್ ರಾಸಮ್ ಅವರ ಮಾತೇ ಸುಮಾರು ಮೂರು ದಶಕ ಕೊನೆಯ ಮಾತಾಗಿತ್ತು. 2018ರಲ್ಲಿ ಭಾಷೆಗೆ ಒಂದು ಹೊಸ ಚಿಹ್ನೆ ಸೇರಿಸುವ ವಿಷಯದಲ್ಲಿ ಎಷ್ಟು ಕಹಿ ಜಗಳವಾಯಿತೆಂದರೆ, ಗೆದ್ದ ಮೇಲೆಯೂ ಅವರು ಜುಲೈ ತಿಂಗಳಲ್ಲಿ ಅಧಿಕಾರ ಬಿಟ್ಟರು. ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ. ನೀವೇ ವ್ಯವಸ್ಥೆ ಮಾಡಿಕೊಳ್ಳಿ ಎಂದು ಉಳಿದವರಿಗೆ ಬಿಟ್ಟರು. ಅವರು ಹಲವು ಸಂವಿಧಾನಗಳ ಕರಡು ಬರೆದು, ಮತ ಹಾಕಿ, ಐದು ಜನರ ಒಂದು ಮಂಡಳಿಯನ್ನು 2019ರ ಆರಂಭದಲ್ಲಿ ಆರಿಸಿದರು. ಒಂದೇ ಕಂಪನಿಯಲ್ಲಿ ನೌಕರಿ ಮಾಡುವವರು ಇಬ್ಬರಿಗಿಂತ ಹೆಚ್ಚು ಆ ಮಂಡಳಿಯಲ್ಲಿ ಇರಕೂಡದು ಎಂಬ ನಿಯಮವನ್ನೂ ಹಾಕಿಕೊಂಡರು. ನಮ್ಮ ಸಹಕಾರಿ ಸಂಘಗಳ ಆಡಳಿತ ಮಂಡಳಿ ಕಂಡವರಿಗೆ ಈ ನಿಯಮ ಯಾಕೆ ಬೇಕು ಎಂದು ವಿವರಿಸಬೇಕಾಗಿಲ್ಲ. ಪೈಥಾನ್‌ಗೆ ಅಷ್ಟು ಪಳಗಿದ ಜನ ಇದ್ದರು, ಪಾರಾಯಿತು. ಮೂರು ಜನರ ಕನ್ನಡ ಯೋಜನೆಗೆ ಹಾಗೆ ಪಾರಾಗುವ ಶಕ್ತಿ ಇರುವುದಿಲ್ಲ.

ನಮಗೆ ಹೆಚ್ಚು ಹತ್ತಿರದ ಕಥೆ ಕೋಹಾದ್ದು. ಕರ್ನಾಟಕದ ಹಲವು ವಿಶ್ವವಿದ್ಯಾಲಯ, ಕಾಲೇಜುಗಳ ಗ್ರಂಥಾಲಯಗಳಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಇಡುವ ತಂತ್ರಾಂಶ ಇದು. ಹುಟ್ಟಿದ್ದು ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಕಡೆ. ಬೇಸಾಯದ ಸೀಮೆ, ಲೆವಿನ್ ಎಂಬ ಸಣ್ಣ ಪಟ್ಟಣ, ಅಲ್ಲೊಂದು ಸಾರ್ವಜನಿಕ ಗ್ರಂಥಾಲಯ ಟ್ರಸ್ಟು. ಅವರ ಹಳೆಯ ತಂತ್ರಾಂಶ 2000ನೇ ಇಸವಿಯನ್ನು ದಾಟುವ ಹಾಗಿರಲಿಲ್ಲ. ಹೊಸದು ಕೊಳ್ಳಬೇಕೆಂದರೆ ದುಬಾರಿ. ಶಾಖೆಗಳ ನಡುವೆ ಇದ್ದದ್ದು ಸಾಧಾರಣ ಟೆಲಿಫೋನ್ ತಂತಿ. ಅವರು ಒಂದು ಸಣ್ಣ ಕಂಪನಿಯಿಂದ ತಮಗೆ ಬೇಕಾದ ಹಾಗೆ ಬರೆಸಿದರು, 2000ದ ಜನವರಿ ಮೊದಲ ವಾರದಲ್ಲಿ ಬಳಕೆಗೆ ತಂದರು, ಮುಕ್ತ ಲೈಸೆನ್ಸಿನಲ್ಲಿ ಜಗತ್ತಿಗೇ ಬಿಟ್ಟರು. ಹಾನಗಲ್ಲಿನಷ್ಟು ಅಥವಾ ಅದಕ್ಕಿಂತ ಚಿಕ್ಕದಾದ ಊರಿನ ಗ್ರಂಥಪಾಲಕರ ಕೆಲಸ ಇದು.

ಕೋಹಾದಲ್ಲಿ ನಾನು ಮೆಚ್ಚುವುದು ಅದರ ನಡಾವಳಿ. ನೀವೊಂದು ತಿದ್ದುಪಡಿ ಕಳಿಸಿದಿರಿ ಎಂದಿಟ್ಟುಕೊಳ್ಳಿ. ಮೊದಲು ಬೇರೊಬ್ಬರು ಅದನ್ನು ತಮ್ಮಲ್ಲಿ ನಡೆಸಿ ನೋಡಿ ಸಹಿ ಹಾಕಬೇಕು. ಅವರು ಪ್ರೋಗ್ರಾಮರ್ ಆಗಿರಬೇಕೆಂದಿಲ್ಲ, ಗ್ರಂಥಪಾಲಕರಾದರೂ ಸಾಕು. ಆಮೇಲೆ ಗುಣಮಟ್ಟ ನೋಡುವ ತಂಡದ ಇನ್ನೊಬ್ಬರು ಓದಿ ಒಪ್ಪಬೇಕು. ಕೊನೆಗೆ ಬಿಡುಗಡೆಯ ಉಸ್ತುವಾರಿ ಅದನ್ನು ಒಳಗೆ ಸೇರಿಸುತ್ತಾರೆ. ನಾಲ್ಕು ಜೊತೆ ಕಣ್ಣು ನೋಡದೆ ಒಂದು ಸಾಲೂ ಒಳಗೆ ಹೋಗುವುದಿಲ್ಲ. ವರ್ಷಕ್ಕೆ ಎರಡು ಬಿಡುಗಡೆ, ಮೇ ಮತ್ತು ನವೆಂಬರಿನಲ್ಲಿ. ಪ್ರತಿ ಸರದಿಗೂ ಯಾರು ಯಾವ ಹೊಣೆ ಹೊರಬೇಕೆಂದು ಬಹಿರಂಗ ಸಭೆಯಲ್ಲಿ ಆರಿಸುತ್ತಾರೆ. ಆರು ತಿಂಗಳ ಅವಧಿ ಎಂದು ಮೊದಲೇ ಗೊತ್ತಿರುವುದರಿಂದ ಬಿಟ್ಟುಹೋಗುವುದು ಅಲ್ಲಿ ಅವಮಾನವೂ ಅಲ್ಲ, ಅಪಘಾತವೂ ಅಲ್ಲ. ಹಿಂದಿನವರು ಪಕ್ಕದಲ್ಲೇ ಇದ್ದು ಹೊಸಬರಿಗೆ ಹೇಳಿಕೊಡುತ್ತಾರೆ. ಮುಂದೆ ಅಮೆರಿಕದ ಒಂದು ಕಂಪನಿ ಕೋಹಾ ಎಂಬ ಹೆಸರನ್ನೇ ನ್ಯೂಜಿಲೆಂಡಿನಲ್ಲಿ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೊರಟಿತು. 2011ರಲ್ಲಿ ಈ ಸುದ್ದಿ ಹಬ್ಬಿದಾಗ ಆ ಸಣ್ಣ ಗ್ರಂಥಾಲಯದ ವಕೀಲರ ಖರ್ಚಿಗೆ ಜಗತ್ತಿನ ಮೂಲೆಮೂಲೆಯಿಂದ ಹಣ ಬಂತು, ಕೊನೆಗೆ ತೀರ್ಪೂ ಅವರ ಕಡೆಗೇ ಆಯಿತು. ಹೆಸರು, ವೆಬ್ ವಿಳಾಸ, ಸಹಿಯ ಕೀಲಿ ಇವೆಲ್ಲ ಯಾರ ಹೆಸರಿನಲ್ಲಿರಬೇಕು ಎಂಬುದು ಕೋಡ್‌ನಷ್ಟೇ ಮುಖ್ಯ ಎಂದು ಅವರು ಕಷ್ಟಪಟ್ಟು ಕಲಿತರು.

ಕನ್ನಡದ ಯೋಜನೆಗಳಲ್ಲಿ ನಾವು ಸೋಲುವುದು ಇಲ್ಲಿಯೇ. ಉತ್ಸಾಹಕ್ಕೆ ಬರವಿಲ್ಲ. ಒಂದು ಸಂಸ್ಥೆ ಹಣ ಕೊಟ್ಟು ತಂತ್ರಾಂಶ ಮಾಡಿಸುತ್ತದೆ, ಬಿಡುಗಡೆಯ ಸಮಾರಂಭ ಆಗುತ್ತದೆ, ಹಾರ ತುರಾಯಿ ಆಗುತ್ತದೆ. ಮೂರು ವರ್ಷಕ್ಕೆ ವಿಂಡೋಸ್ ಹೊಸದು ಬಂದಾಗ ಅದು ನಡೆಯುವುದಿಲ್ಲ. ಮಾಡಿದವರನ್ನು ಕೇಳಿದರೆ ಗುತ್ತಿಗೆ ಮುಗಿದಿದೆ ಎನ್ನುತ್ತಾರೆ. ಸೋರ್ಸ್ ಕೋಡ್ ಕೇಳಿದರೆ ಅದು ಯಾರ ಬಳಿ ಇದೆ ಎಂದೇ ತಿಳಿಯುವುದಿಲ್ಲ. ಸಾರ್ವಜನಿಕ ಹಣದಲ್ಲಿ ಮಾಡಿಸಿದ ಕನ್ನಡದ ಕೆಲಸದ ಸೋರ್ಸ್ ಕೋಡ್ ಸಾರ್ವಜನಿಕವಾಗಿ ಇರಲೇಬೇಕು, ಉಸ್ತುವಾರಿಯ ಹಣವನ್ನು ಮೊದಲ ಅಂದಾಜು ಪಟ್ಟಿಯಲ್ಲೇ ತೋರಿಸಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳುವ ಕಾರಣ ನನಗೆ ಒಂದೂ ಕಾಣುವುದಿಲ್ಲ.

ಒಳ್ಳೆಯ ಮೇಲ್ಪಂಕ್ತಿಗಳು ನಮ್ಮಲ್ಲೂ ಇವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಅಂತರ್ಜಾಲಕ್ಕೆ ಬಂತು. ಒಂದೂವರೆ ಲಕ್ಷದಷ್ಟು ಪದಗಳು. ಅದರ ಹಿಂದಿನ ತಂತ್ರಾಂಶವನ್ನು ಕೈಲಾಶ್ ನಾಧ್ ಮಾಡಿಕೊಟ್ಟರು. ನಿಘಂಟಿನ ದತ್ತಾಂಶವನ್ನು ಮುಕ್ತ ಲೈಸೆನ್ಸಿನಲ್ಲಿ ಬಿಟ್ಟರು. ಹೀಗಾಗಿ ಆ ಜಾಲತಾಣ ನಾಳೆ ನಿಂತರೂ ಪದಗಳು ಬೇರೆ ಕಡೆ ಬದುಕುತ್ತವೆ. ಓಂಶಿವಪ್ರಕಾಶ್, ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಮುಂತಾದವರು ಸೇರಿ ಕಟ್ಟಿದ ‘ವಚನ ಸಂಚಯ’ದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದು. ಶರಣ ಏಕಾಂತದ ರಾಮಯ್ಯನ ಅಬಲೂರು ಇರುವ ತಾಲ್ಲೂಕಿನ ಮಕ್ಕಳು ಅದನ್ನು ಬಳಸಬೇಕು, ಬಳಸುತ್ತ ಕಂಡ ತಪ್ಪನ್ನು ತಿಳಿಸಬೇಕು.

ಹಣದ ಮಾತನ್ನು ಬಿಡುವ ಹಾಗಿಲ್ಲ. ಇವತ್ತಿನ ಈ ಸಭೆ ನಡೆಯುತ್ತಿರುವುದು ಹಿರಿಯರೊಬ್ಬರು ಇಟ್ಟ ಅಸಲಿನ ಬಡ್ಡಿಯಲ್ಲಿ. ಅಸಲು ಮುಟ್ಟಬಾರದು, ವರ್ಷಕ್ಕೊಮ್ಮೆ ಒಂದು ಕೆಲಸ ತಪ್ಪದೆ ಆಗಬೇಕು ಎಂಬ ಈ ಏರ್ಪಾಡೇ ತಂತ್ರಾಂಶದ ಉಸ್ತುವಾರಿಗೆ ತಕ್ಕದ್ದು. ಒಂದೇ ಸಲ ದೊಡ್ಡ ಮೊತ್ತ ಬಂದರೆ ಯೋಜನೆ ಊದಿಕೊಳ್ಳುತ್ತದೆ, ಆಮೇಲೆ ಬಡವಾಗುತ್ತದೆ. ಸಣ್ಣದಾದರೂ ಪ್ರತಿ ವರ್ಷ ಬರುವ ಹಣ ಒಬ್ಬ ಮನುಷ್ಯನ ಕೆಲವು ವಾರಗಳನ್ನು ಕಾಯಂ ಆಗಿ ಕಾದಿಡುತ್ತದೆ. ಬೆಂಗಳೂರಿನ ಝೀರೋಧ ಸಂಸ್ಥೆ 2024ರಲ್ಲಿ ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆಂದು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ನಿಧಿ ತೆರೆಯಿತು. ಅರ್ಜಿ ಹಾಕುವ ಯೋಜನೆ ತನಗೆ ಎಷ್ಟು ಹಣ ಬೇಕು, ಯಾತಕ್ಕೆ ಬೇಕು ಎಂದು ಎಲ್ಲರಿಗೂ ಕಾಣುವ ಹಾಗೆ ಬರೆದಿಡಬೇಕು ಎಂಬುದು ಅದರ ಷರತ್ತು. ಕನ್ನಡದ ಫಾಂಟು, ಕೀಲಿಮಣೆ, ಪರಿವರ್ತಕಗಳಿಗೆಂದೇ ಇಂಥ ದತ್ತಿಗಳು ನಮ್ಮ ಪರಿಷತ್ತುಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಆಗಬೇಕು.

ಈ ನಾಲ್ಕು ತಾಲ್ಲೂಕುಗಳಲ್ಲಿ ಏನು ಮಾಡಬಹುದು? ಬಿಸಿಎ ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರತಿ ಸಲವೂ ಹೊಸದಾಗಿ ಒಂದು ಗ್ರಂಥಾಲಯ ತಂತ್ರಾಂಶ, ಒಂದು ಹಾಜರಿ ತಂತ್ರಾಂಶ ಪ್ರಾಜೆಕ್ಟ್ ಎಂದು ಬರೆಯುತ್ತಾರೆ. ವೈವಾ ಮುಗಿದ ಮೇಲೆ ಅದು ಕಪಾಟಿನಲ್ಲಿ ಉಳಿಯುತ್ತದೆ. ಅದರ ಬದಲು ಕೋಹಾದ ಕನ್ನಡ ಅನುವಾದವನ್ನೋ, ಒಂದು ಫಾಂಟಿನ ಪರೀಕ್ಷೆಯನ್ನೋ ವಿಭಾಗವೇ ದತ್ತು ತೆಗೆದುಕೊಳ್ಳಲಿ. ಆ ಕೆಲಸದ ಕೀಲಿ ಯಾವ ಒಬ್ಬ ಉಪನ್ಯಾಸಕರ ಸ್ವಂತ ಇಮೇಲಿನಲ್ಲೂ ಇರಬಾರದು. ವರ್ಗವಾಗಿ ಹೋದ ದಿನ ಎಲ್ಲ ನಿಂತುಹೋಗುತ್ತದೆ. ವಿಭಾಗದ ಹೆಸರಿನಲ್ಲಿ, ಕನಿಷ್ಠ ಮೂವರ ಕೈಯಲ್ಲಿ ಇರಲಿ. ಹಿರಿಯ ತರಗತಿಯವರು ಕಿರಿಯರಿಗೆ ಒಪ್ಪಿಸಿದ್ದನ್ನು ಬರೆದು ಸಹಿ ಮಾಡಲಿ, ಆ ಒಪ್ಪಿಸಿಕೊಡುವಿಕೆಗೂ ಅಂಕ ಇರಲಿ. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಜನಪದರ ಪದಗಳು, ಊರಿನ ಉಚ್ಚಾರಗಳು ಅಲ್ಲಿನ ವಿದ್ಯಾರ್ಥಿಗಳ ಕಿವಿಯಲ್ಲಿವೆ. ಫಾಂಟು, ಕಾಗುಣಿತ ಪರೀಕ್ಷಕ, ಹುಡುಕಾಟ ಮೂರಕ್ಕೂ ಬೇಕಾಗಿರುವುದು ಅಂಥ ನಿಜವಾದ ಪದಗಳ ಪರೀಕ್ಷಾ ಪಟ್ಟಿ.

ಶುರು ಮಾಡಲು ಒಂದು ಕೆಲಸ ಸೂಚಿಸುತ್ತೇನೆ. ನಾಲ್ಕೂ ತಾಲ್ಲೂಕಿನ ಊರುಗಳ ಹೆಸರನ್ನು ಜನ ಬರೆಯುವ ಎಲ್ಲ ರೀತಿಯಲ್ಲೂ ಬರೆಯಿರಿ. ಹಾನಗಲ್, ಹಾನಗಲ್ಲ, ಶಿಗ್ಗಾವಿ, ಶಿಗ್ಗಾಂವ, ಅಕ್ಕಿಆಲೂರು, ಅಕ್ಕಿ ಆಲೂರ, ಹಂಸಭಾವಿ, ಹಂಸಬಾವಿ, ಹತ್ತಿಮತ್ತೂರು, ಚಿಕ್ಕೇರೂರು, ತಿಳವಳ್ಳಿ. ಜೊತೆಗೆ ರ‍್ಯಾಂಕ್, ರ‍್ಯಾಲಿಯಂಥ ಪದಗಳು, ಮೂರು ಒತ್ತು ಬೀಳುವ ಸಂಸ್ಕೃತ ಪದಗಳು. ಪ್ರತಿಯೊಂದನ್ನೂ ಬೇರೆ ಬೇರೆ ಮೊಬೈಲು, ಬೇರೆ ಬೇರೆ ಫಾಂಟಿನಲ್ಲಿ ತೆರೆದು ನೋಡಿ. ಕೆಟ್ಟು ಕಂಡದ್ದರ ಚಿತ್ರ, ಯಂತ್ರದ ಹೆಸರು, ಆವೃತ್ತಿಯ ಸಂಖ್ಯೆ, ಯಾವ ಕೀಲಿಮಣೆಯಲ್ಲಿ ಬರೆದದ್ದು ಎಂಬುದು, ಇಷ್ಟನ್ನು ಸೇರಿಸಿ ಆಯಾ ಉಸ್ತುವಾರಿಯವರಿಗೆ ಸೌಜನ್ಯದಿಂದ ಕಳಿಸಿ. ಕನ್ನಡ ಸರಿ ಇಲ್ಲ ಎಂಬ ಒಂದು ಸಾಲಿನ ದೂರಿಗಿಂತ ಇಂಥ ಒಂದು ದೂರು ಅವರ ಒಂದು ಇಡೀ ಸಂಜೆಯನ್ನು ಉಳಿಸುತ್ತದೆ. ಈ ಪಟ್ಟಿಯ ಕೆಲಸಕ್ಕೆ ಬರುವ ವಿದ್ಯಾರ್ಥಿಗಳು ಸಭೆ ಮುಗಿದ ಮೇಲೆ ಇಲ್ಲೇ ಹೆಸರು ಬರೆಸಬಹುದು. ನಿಮ್ಮ ಹೆಸರಿನ ಪಕ್ಕದಲ್ಲಿ, ನೀವು ಪದವಿ ಮುಗಿಸಿ ಹೋದ ಮೇಲೆ ಇದನ್ನು ನೋಡಿಕೊಳ್ಳುವ ಒಬ್ಬ ಕಿರಿಯರ ಹೆಸರನ್ನೂ ಬರೆಸಿ.